ಹಲಗೆಯ ಬೆನ್ನು

ಹಳೆಯ ಚಿತ್ರಗಳನ್ನು ಉಳಿಸುವ ನಮ್ಮ ಕೆಲಸಕ್ಕೆ ಹೊಸದಾಗಿ ಸೇರಿದ ಮೂವರು ಹೋದ ತಿಂಗಳು ದೇಲಂಪಾಡಿಯ ನನ್ನ ಮನೆಗೆ ಬಂದಿದ್ದರು. ನಿಮ್ಮ ಅನುಭವ ಹೇಳಿ ಸರ್ ಎಂದರು. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬಲ್ಲಿಂದ ಸುರು ಮಾಡಿದೆ. ಸ್ವಲ್ಪ ಹೊತ್ತಿಗೆ ಅವರಲ್ಲಿ ಒಬ್ಬಳು ಆಕಳಿಕೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ಅವಳನ್ನು ದೂರುವ ಹಾಗಿಲ್ಲ, ಹೇಳುತ್ತಿದ್ದ ನನಗೇ ನಿದ್ದೆ ಬರುವುದರಲ್ಲಿತ್ತು. ಬರೆದು ಕೊಡುತ್ತೇನೆ ಎಂದು ಮಾತು ಕೊಟ್ಟು ಚಹಾ ಕುಡಿಸಿದೆ. ಹೊರಡುವಾಗ ಅದೇ ಹುಡುಗಿ ನನ್ನ ಬಲಗೈ ನೋಡಿ, ಬೆರಳಿಗೆ ಎಂತ ಆಯ್ತು ಸರ್ ಎಂದು ಕೇಳಿದಳು. ಅದನ್ನೂ ಬರೆಯುತ್ತೇನೆ ಎಂದೆ.

ನಾನು ಮಾಡುವ ಕೆಲಸ ಏನೆಂದು ಮನೆಯವರಿಗೆ ತಿಳಿಸುವುದೇ ಮೊದಲ ಕಷ್ಟವಾಗಿತ್ತು. ಚಿತ್ರ ಬಿಡಿಸುತ್ತೀಯಾ ಎಂದರೆ ಇಲ್ಲ, ಮಾರುತ್ತೀಯಾ ಎಂದರೆ ಅದೂ ಇಲ್ಲ. ಹಾಗಾದರೆ ಒರೆಸುತ್ತೀಯ ಎಂದು ನಮ್ಮ ಅಜ್ಜಿ ತೀರ್ಮಾನ ಕೊಟ್ಟರು. ಮೂವತ್ತೈದು ವರ್ಷ ಆ ಕೆಲಸ ಮಾಡಿದ ಮೇಲೆ ಹೇಳುತ್ತೇನೆ, ಅಜ್ಜಿ ಹೇಳಿದ್ದೇ ಸರಿ. ಆದರೆ ಯಾವುದರಿಂದ ಒರೆಸುತ್ತೇನೆ ಎಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ನನ್ನನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

ನಮ್ಮದು ದೇವಸ್ಥಾನದ ಪೂಜೆಯ ಮನೆ. ಎಂಜಲು ಎಂದರೆ ಅಜ್ಜಿಗೆ ಬೆಂಕಿ ಬಿದ್ದ ಹಾಗೆ. ಲೋಟವನ್ನು ತುಟಿಗೆ ತಾಗಿಸಿ ಕುಡಿದರೆ ಆ ಲೋಟಕ್ಕೂ ಸ್ನಾನ, ನನಗೂ ಸ್ನಾನ. ಅಂಥ ಮನೆಯಿಂದ ಹೋದ ನನಗೆ ಸರಕಾರಿ ಪ್ರಯೋಗಾಲಯದಲ್ಲಿ ಪಣಿಕ್ಕರ್ ಸರ್ ಎಂಬ ಹಿರಿಯರು ಮೊದಲ ದಿನ ಕಲಿಸಿದ್ದೇ ಉಗುಳುವುದನ್ನು. ಬಿದಿರ ಕಡ್ಡಿಯ ತುದಿಗೆ ಹತ್ತಿ ಸುತ್ತಬೇಕು, ಹತ್ತಿಯನ್ನು ನಾಲಗೆಯಲ್ಲಿ ಒದ್ದೆ ಮಾಡಬೇಕು, ಚಿತ್ರದ ಮೇಲೆ ಉಜ್ಜದೆ ಮೆಲ್ಲಗೆ ಉರುಳಿಸಬೇಕು. ನೂರಾರು ವರ್ಷದ ಮಸಿ ಏಳುತ್ತದೆ, ಬಣ್ಣ ಏಳುವುದಿಲ್ಲ. ಆಮೇಲೆ ಶುದ್ಧ ನೀರಿನ ಹತ್ತಿಯಿಂದ ಒರೆಸಿದರೆ ಮುಗಿಯಿತು. ಮನುಷ್ಯನ ಬಾಯಿಯಷ್ಟು ಸೌಮ್ಯವಾದ ಔಷಧಿ ಯಾವ ಬಾಟಲಿಯಲ್ಲೂ ಸಿಗುವುದಿಲ್ಲ ಎನ್ನುತ್ತಿದ್ದರು ಅವರು.

ನನ್ನ ಎದುರಿಗಿದ್ದದ್ದು ಒಂದು ದೇವಸ್ಥಾನದ ಮಾಡಿನ ಒಳಬದಿಗೆ ಹೊದಿಸಿದ ಮುಚ್ಚಿಗೆಯ ಹಲಗೆ, ಅದರ ಮೇಲೆ ಕೃಷ್ಣ. ಕೃಷ್ಣನಿಗೆ ಎಂಜಲು ಹಚ್ಚಲು ನನ್ನಿಂದಾಗಲಿಲ್ಲ. ಸರ್ ಊಟಕ್ಕೆ ಹೋದಾಗ ಕದ್ದು ಸ್ಪಿರಿಟಿನ ಬಾಟಲಿ ತೆಗೆದೆ. ನೋಡನೋಡುತ್ತಿದ್ದಂತೆ ನವಿಲುಗರಿಯ ಹಳದಿ ಪೂರ್ತಿ ನನ್ನ ಹತ್ತಿಗೆ ಬಂತು. ಸರ್ ಬೈಯಲಿಲ್ಲ. ಆ ಹಳದಿ ಹತ್ತಿಯನ್ನು ನನ್ನ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿ, ಸಹಿ ಹಾಕು ಎಂದರು. ಹಾಕಿದೆ. ಆ ಪುಸ್ತಕ ಈಗಲೂ ಉಂಟು, ಬಂದವರಿಗೆ ತೋರಿಸಲು ನಾಚಿಕೆಯಾಗುತ್ತದೆ.

ಅವರು ಕಲಿಸಿದ ಇನ್ನೊಂದು ವಿಷಯ, ಯಾವ ಚಿತ್ರವೇ ಬರಲಿ, ಮೊದಲು ತಿರುಗಿಸಿ ಬೆನ್ನು ನೋಡಬೇಕು ಎಂಬುದು. ಮುಖಕ್ಕೆ ಎಲ್ಲರೂ ಅಲಂಕಾರ ಮಾಡುತ್ತಾರೆ, ನಿಜವಾದ ಕಥೆ ಬೆನ್ನಿನಲ್ಲಿ ಇರುತ್ತದೆ ಎನ್ನುತ್ತಿದ್ದರು. ಈ ಪಾಠವನ್ನು ನಾನು ನೂರು ಜನಕ್ಕೆ ಹೇಳಿಕೊಟ್ಟಿದ್ದೇನೆ. ನಾನೇ ಅದನ್ನು ಮರೆತ ಒಂದು ದಿನದ ಕಥೆಯನ್ನು ಅವರಲ್ಲಿ ಯಾರಿಗೂ ಹೇಳಿಲ್ಲ.

ನಿವೃತ್ತಿಗೆ ಎರಡು ವರ್ಷ ಇತ್ತು. ಮಂಗಲ್ಪಾಡಿ ಕಡೆಯ ಒಂದು ಸಣ್ಣ ಇಗರ್ಜಿಯಿಂದ ನಮ್ಮ ಕಚೇರಿಗೆ ಪತ್ರ ಬಂತು. ಅವರ ಬಲಿಪೀಠದ ಹಿಂದೆ ಶಿಲುಬೆಯ ಒಂದು ಹಳೆಯ ಚಿತ್ರ ಉಂಟು, ಈಗ ಅದರಲ್ಲಿ ಏನೂ ಕಾಣುವುದಿಲ್ಲ, ದೂರದ ನಗರದ ಮ್ಯೂಸಿಯಂ ಒಂದು ಅದನ್ನು ಕೇಳುತ್ತಿದೆ, ಕೊಡಬೇಕೋ ಬೇಡವೋ ಹೇಳಿ ಎಂದು. ನೋಡಿ ವರದಿ ಬರೆಯಲು ನನ್ನನ್ನು ಕಳಿಸಿದರು. ನನ್ನ ಜಿಲ್ಲೆಯೇ ಆದ್ದರಿಂದ ಖುಷಿಯಲ್ಲೇ ಹೋದೆ.

ಕೆತ್ತನೆಯ ಮರದ ಚೌಕಟ್ಟಿನೊಳಗೆ ಬಾಗಿಲಿನಷ್ಟು ದೊಡ್ಡ ಹಲಗೆ. ಗೋವಾದಿಂದ ಹಡಗಿನಲ್ಲಿ ಮಂಗಳೂರಿಗೆ ಬಂದ ಹಿರಿಯರು ಅದನ್ನು ತಂದದ್ದೆಂದು ಅಲ್ಲಿಯವರ ನಂಬಿಕೆ. ಫೋಟೋ ನೋಡಿದ ಒಬ್ಬ ವಿದ್ವಾಂಸರು ಇದು ಐದಾರು ನೂರು ವರ್ಷದ ಹಿಂದೆ ಯೂರೋಪಿನಲ್ಲೇ ಬರೆದದ್ದು ಎಂದಿದ್ದರು, ಇನ್ನೊಬ್ಬರು ಅಲ್ಲ, ಗೋವಾದಲ್ಲಿ ಮಾಡಿದ ನಕಲು ಎಂದಿದ್ದರು. ಹತ್ತಿರದಿಂದ ನೋಡಿದರೆ ಯೇಸುವಿನ ಎರಡು ಮೊಣಕಾಲು, ಒಂದು ಮೂಲೆಯಲ್ಲಿ ಬಂಗಾರದ ಚೂರು, ಇಷ್ಟು ಬಿಟ್ಟರೆ ಕಾವಲಿಯ ತಳದಂಥ ಕಪ್ಪು. ಬೆರಳು ತಾಗಿಸಿದೆ. ಜಿಡ್ಡು. ಮೂಸಿದೆ. ಹಳಸಿದ ತೆಂಗಿನೆಣ್ಣೆ.

ನನಗೆ ಸಿಟ್ಟು ಬರುವುದು ಬೇಗ, ಇಳಿಯುವುದು ತಡ. ಇಗರ್ಜಿಯ ಫಾದರ್ ಆಲ್ವಿನ್, ವಾರ್ಡಿನ ಮುಂದಾಳು ಗುರ್ಕಾರ ಲೋರೆನ್ಸಣ್ಣ, ಇನ್ನೂ ಹತ್ತು ಹದಿನೈದು ಜನ ನಿಂತಿದ್ದರು. ಇದಕ್ಕೆ ಎಣ್ಣೆ ಹಚ್ಚಿದ್ದು ಯಾರು, ಆ ಕೈಯನ್ನು ದೂರ ಇಟ್ಟಿದ್ದರೆ ಈ ಚಿತ್ರಕ್ಕೆ ಈ ಗತಿ ಬರುತ್ತಿರಲಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಎಲ್ಲರ ಕಣ್ಣು ಒಬ್ಬರ ಕಡೆ ತಿರುಗಿತು. ಎಪ್ಪತ್ತು ದಾಟಿದ ಒಬ್ಬ ಹೆಂಗಸು, ಕಾರ್ಮಿನ್ ಬಾಯಿ. ಕೈಯಲ್ಲಿ ಒಂದು ಎಣ್ಣೆ ಕುಪ್ಪಿ. ಅವರ ಬೆರಳುಗಳು ಕಪ್ಪು ಕಪ್ಪಾಗಿ ಕಲೆ ಹಿಡಿದಿದ್ದವು. ಇಂಥ ಕೊಳಕು ಕೈಯಿಂದ ಬೇರೆ ಮುಟ್ಟಿದ್ದಾರಲ್ಲ ಎಂದುಕೊಂಡೆ. ನನ್ನ ನೋಟ ಅವರಿಗೆ ಅರ್ಥವಾಯಿತೆಂದು ಕಾಣುತ್ತದೆ, ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಕುಪ್ಪಿಯನ್ನು ಬೆಂಚಿನ ಮೇಲಿಟ್ಟು ಹೊರಗೆ ಹೋದರು.

ಅವರ ಮನೆಯ ಹೆಂಗಸರಿಗೆ ತಲೆಮಾರುಗಳಿಂದ ಬಂದ ಕೆಲಸವಂತೆ ಅದು. ಶುಭ ಶುಕ್ರವಾರ ಯೇಸುವಿನ ಐದು ಗಾಯಗಳಿಗೆ ನೋವು ಇಳಿಯಲಿ ಎಂದು ಎಣ್ಣೆ ಸವರುವುದು, ಅತ್ತೆಯಿಂದ ಸೊಸೆಗೆ. ಫಾದರ್ ಇದನ್ನು ನನಗೆ ಮೆಲ್ಲಗೆ ಹೇಳಿದರು. ನಂಬಿಕೆ ಒಳ್ಳೆಯದೇ, ಚಿತ್ರಕ್ಕೆ ಒಳ್ಳೆಯದಲ್ಲ ಎಂದೆ. ನಾಲ್ಕು ಗಂಟೆಯ ಬಸ್ಸಿಗೆ ಹೊತ್ತಾಗಿತ್ತು. ಹಲಗೆ ಇಳಿಸಲು ನಾಲ್ಕು ಜನ ಗಂಡಸರು ಬೇಕು, ಅರ್ಧ ಗಂಟೆ ಬೇಕು. ನಾನು ಇಳಿಸಿ ಎಂದು ಹೇಳಲಿಲ್ಲ. ಕಚೇರಿಗೆ ಹೋಗಿ ವರದಿಯಲ್ಲಿ ಹಿಂಬದಿ ಎಂಬಲ್ಲಿ, ಗೆದ್ದಲು ಹಿಡಿದಿರುವ ಸಾಧ್ಯತೆ ಹೆಚ್ಚು ಎಂದು ಊಹೆ ಮೇಲೆ ಬರೆದೆ. ಪಾಲಕರ ಅಜ್ಞಾನದಿಂದ ಹಾನಿಯಾಗಿದೆ, ಸ್ಥಳಾಂತರ ಸೂಕ್ತ ಎಂದು ಮುಗಿಸಿ ಸಹಿ ಹಾಕಿದೆ.

ಸ್ಥಳಾಂತರದ ಆದೇಶ ಬಂತು. ಪ್ಯಾಕ್ ಮಾಡಿಸಲು ಜನವರಿಯಲ್ಲಿ ಮತ್ತೆ ಹೋದೆ. ನಾಲ್ಕು ಜನ ಹಲಗೆಯನ್ನು ಕೊಕ್ಕೆಯಿಂದ ಬಿಡಿಸಿ ಇಳಿಸುವಾಗ ಸುತ್ತಲಿನ ಕೆತ್ತನೆಯ ಚೌಕಟ್ಟಿಗೆ ಯಾರದೋ ಮೊಣಕೈ ತಾಗಿತು. ಚೌಕಟ್ಟಿನ ಒಂದು ಬದಿ ಅವಲಕ್ಕಿಯ ಹಾಗೆ ಪುಡಿಯಾಗಿ ಉದುರಿತು. ಒಳಗೆಲ್ಲ ಗೆದ್ದಲು. ನನ್ನ ಊಹೆ ಸರಿಯಾಯಿತೆಂದು, ಹೇಳಲು ನಾಚಿಕೆ, ಒಳಗೊಳಗೆ ಸ್ವಲ್ಪ ಬೀಗಿದೆ. ಆಮೇಲೆ ಹಲಗೆಯನ್ನು ನೆಲದಲ್ಲಿ ಹಾಸಿದ ಕಂಬಳಿಯ ಮೇಲೆ ಬೋರಲು ಮಲಗಿಸಿದರು.

ಬೆನ್ನು ಕನ್ನಡಿಯಂತೆ ಹೊಳೆಯುತ್ತಿತ್ತು. ಕಪ್ಪು, ಗಟ್ಟಿ, ಒಂದೇ ಒಂದು ತೂತಿಲ್ಲ. ಮಣಿದು ಕುಳಿತು ಅಂಗೈಯಿಂದ ಸವರಿದೆ. ಮೂರು ಹಲಗೆಗಳನ್ನು ಜೋಡಿಸಿದ ಗೆರೆಗಳು ಕೂಡ ಬಿರಿದಿರಲಿಲ್ಲ. ತೇಗವಲ್ಲ, ಹಲಸಲ್ಲ, ನಮ್ಮ ಕಡೆಯ ಯಾವ ಮರವೂ ಅಲ್ಲ. ದೂರದಿಂದ ಬಂದ ಆ ಮರವನ್ನು ನಮ್ಮ ಗೆದ್ದಲು, ನಮ್ಮ ಮಳೆ ಎರಡೂ ಮುಟ್ಟಿರಲಿಲ್ಲ. ಮೂಗು ಹತ್ತಿರ ತಂದೆ. ಖಾರವಾದ ಆ ವಾಸನೆ ಕರಾವಳಿಯವರಿಗೆಲ್ಲ ಗೊತ್ತು. ದೋಣಿಗೆ, ಮನೆಯ ಮಾಡು ಹೊರುವ ಪಕ್ಕಾಸಿಗೆ ಬಳಿಯುವ ಗೇರೆಣ್ಣೆ, ಗೇರುಬೀಜದ ಸಿಪ್ಪೆಯಿಂದ ತೆಗೆಯುವುದು.

ಇದನ್ನು ಬಳಿದದ್ದು ಯಾರು ಎಂದು ಕೇಳಿದೆ.

ಲೋರೆನ್ಸಣ್ಣ ನನ್ನ ಮುಖ ನೋಡಿದರು. "ಕಾರ್ಮಿನ್ ಬಾಯಿ ಅಲ್ಲದೆ ಮತ್ತೆ ಯಾರು? ಈಸ್ಟರ್ ಕಳೆದ ಮೇಲೆ ಪ್ರತಿ ವರ್ಷ ನಾವು ಇಳಿಸಿ ಕೊಡುವುದು, ಅವರು ಬಳಿಯುವುದು. ಅವರ ಅತ್ತೆ ಕೂಡ ಬಳಿಯುತ್ತಿದ್ದರು. ನೀವು ಕೇಳಲಿಲ್ಲ ಅಲ್ವಾ ಮಾರಾಯ್ರೆ."

ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಸುಡುತ್ತದೆ, ಬೊಕ್ಕೆ ಏಳುತ್ತದೆ, ಕಪ್ಪು ಕಲೆ ಉಳಿಯುತ್ತದೆ. ಅವರು ಸೆರಗಿನಲ್ಲಿ ಮುಚ್ಚಿಕೊಂಡ ಬೆರಳುಗಳು ನೆನಪಾದವು. ಮುಂಬದಿಯನ್ನು ಕಪ್ಪು ಮಾಡಿದ ಕೈಯೇ ಹಿಂಬದಿಯನ್ನು ಕಾಪಾಡಿತ್ತು. ಆ ಕೈ ಇಲ್ಲದಿದ್ದರೆ ಚೌಕಟ್ಟಿನ ಹಾಗೆ ಚಿತ್ರವೂ ಎಂದೋ ಪುಡಿಯಾಗಿ ಹೋಗುತ್ತಿತ್ತು, ಬೈಯಲು ನನಗೆ ಒಂದು ಚಿತ್ರವೇ ಇರುತ್ತಿರಲಿಲ್ಲ. ಬೆಂಚಿನ ಮೇಲೆ ಕುಳಿತು ಬಿಟ್ಟೆ. ಪ್ಯಾಕಿಂಗ್ ಬೇಡ ಎಂದು ಫಾದರಿಗೆ ಹೇಳಿದೆ.

ನಮ್ಮ ಮೇಲಧಿಕಾರಿ ಸಿಡುಕಿ ಎಂದು ಹೆಸರಾದವರು. ಫೋನ್ ಮಾಡಿ, ಮೊದಲ ವರದಿ ತಪ್ಪಾಗಿದೆ, ಇನ್ನೊಂದು ಬರೆಯಬೇಕು ಎಂದೆ. ಬರೆಯುವುದಾದರೆ ತಪ್ಪು ಯಾರದ್ದೆಂದೂ ಬರೆಯಿರಿ, ನೋಡದೆ ಬರೆದೆ ಎಂದೇ ಬರೆಯಿರಿ ಎಂದರು. ಬರೆದೆ. ಈ ಮರ ನಮ್ಮ ಗಾಳಿಯ ತೇವಕ್ಕೆ ಒಗ್ಗಿಹೋಗಿದೆ, ಏಸಿ ಕೋಣೆಗೆ ಒಯ್ದರೆ ಒಣಗಿ ಸೀಳಬಹುದು ಎಂಬುದನ್ನೂ ಸೇರಿಸಿದೆ. ನನಗೊಂದು ಮೆಮೋ ಬಂತು. ಅದರ ಜೊತೆಗೆ ಮಳೆಗಾಲದವರೆಗೆ ಸಮಯವೂ ಸಿಕ್ಕಿತು. ಜೂನ್ ಒಳಗೆ ಇಗರ್ಜಿಯಲ್ಲೇ ಚಿತ್ರವನ್ನು ತೊಳೆದು, ಮುಂದೆ ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡಿದರೆ ಅದು ಅಲ್ಲಿಯೇ ಇರಬಹುದು. ಇಲ್ಲದಿದ್ದರೆ ಮ್ಯೂಸಿಯಮ್ಮಿಗೆ.

ಕಾರ್ಮಿನ್ ಬಾಯಿಯ ಮನೆಗೆ ಹೋದೆ. ಅವರ ಸೊಸೆ ಜೆಸಿಂತಾ ಕುರ್ಚಿ ಹಾಕಿದಳು, ಮುಖ ಮಾತ್ರ ಬಿಗಿದುಕೊಂಡಿದ್ದಳು. ನಾನು ಬೆನ್ನು ನೋಡದೆ ಮಾತಾಡಿದೆ, ತಪ್ಪಾಯಿತು ಎಂದೆ. ಎಷ್ಟೋ ವೇದಿಕೆಗಳಲ್ಲಿ ಭಾಷಣ ಮಾಡಿದ ನನಗೆ ಆ ಎರಡು ವಾಕ್ಯವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಬೇಕಾಗಿತ್ತು.

ಕಾರ್ಮಿನ್ ಬಾಯಿ ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. "ಎದುರು ಕಪ್ಪಾದದ್ದು ನನ್ನ ಎಣ್ಣೆಯಿಂದಲೇ ಅಲ್ವಾ ಭಟ್ರೇ? ಸುಳ್ಳು ಹೇಳಬೇಡಿ."

"ಹೌದು. ಎಣ್ಣೆಗೆ ಮೇಣದ ಬತ್ತಿಯ ಹೊಗೆ ಹಿಡಿದದ್ದು."

"ಹಾಗಾದರೆ ನೀವು ಹೇಳಿದ್ದು ಸರಿಯೇ. ನನ್ನ ಅತ್ತೆ ಸಾಯುವಾಗ ಇದೊಂದನ್ನು ನನ್ನ ಕೈಗೆ ಕೊಟ್ಟು ಹೋದದ್ದು. ನಾನು ಹಾಳು ಮಾಡಿದೆ. ಇನ್ನು ನಾನೂ ಮುಟ್ಟುವುದಿಲ್ಲ, ಇವಳಿಗೂ ಕಲಿಸುವುದಿಲ್ಲ."

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನನ್ನ ಮಾತನ್ನು ಅವರು ನಂಬಿಬಿಟ್ಟಿದ್ದರು. ಚಿತ್ರ ಉಳಿದರೂ ನೋಡಿಕೊಳ್ಳುವ ಕೈಯನ್ನು ನಾನೇ ಕಡಿದು ಹಾಕಿದ್ದೆ. ಆ ದಿನದಿಂದ ಜೂನ್ ಒಳಗೆ ನಾನು ತೊಳೆಯಬೇಕಾದದ್ದು ಎರಡಾಯಿತು.

ಹಲಗೆಯನ್ನು ಮತ್ತೆ ಬಲಿಪೀಠದ ಹಿಂದೆ ನಿಲ್ಲಿಸಿ ಕೆಲಸ ಸುರು ಮಾಡಿದೆ. ಈಗಿನವರಿಗೆ ಬೇಕಾದಷ್ಟು ಜೆಲ್ ಉಂಟು, ಉಗುಳಿನ ಕೆಲಸವನ್ನೇ ಮಾಡುವ ಸಿದ್ಧ ದ್ರಾವಣ ಉಂಟು, ನೀವು ಪುಣ್ಯವಂತರು. ಅವನ್ನು ನಾನೂ ತರಿಸಿ ಒಂದು ಮೂಲೆಯಲ್ಲಿ ಪ್ರಯತ್ನಿಸಿದೆ, ಆ ಬಂಗಾರದ ಮೇಲೆ ಧೈರ್ಯ ಬರಲಿಲ್ಲ. ಹಗುರವಾದ ದ್ರಾವಣದಿಂದ ಮೊದಲು ಜಿಡ್ಡು ತೆಗೆದು, ಅಡಿಯ ಮಸಿಗೆ ಪಣಿಕ್ಕರ್ ಸರ್ ಕಲಿಸಿದ ಹಳೆಯ ದಾರಿಯನ್ನೇ ಹಿಡಿದೆ. ಉಪ್ಪಿನಕಾಯಿ ಬಿಟ್ಟೆ, ಮೆಣಸು ಬಿಟ್ಟೆ. ನನ್ನ ಹೆಂಡತಿಗೆ ನಾನು ವ್ರತ ಹಿಡಿದಿದ್ದೇನೆಂದು ಅನುಮಾನ.

ಆದರೆ ಇದನ್ನು ಇಗರ್ಜಿಯವರಿಗೆ ಹೇಳಲಿಲ್ಲ, ಅದು ಇನ್ನೊಂದು ತಪ್ಪು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ನಾನು ಹತ್ತಿಯನ್ನು ಬಾಯಿಗಿಟ್ಟು ಯೇಸುವಿನ ಹಣೆಯ ಮೇಲೆ ಉರುಳಿಸುವುದನ್ನು ಲೋರೆನ್ಸಣ್ಣ ಹಿಂದಿನಿಂದ ನೋಡಿದರು. ಅವರ ಕೂಗಿಗೆ ಹೊರಗೆ ಹೋಗಿದ್ದ ಜನ ಒಳಗೆ ಬಂದರು.

"ಅವತ್ತು ಶಿಲುಬೆಗೆ ಏರಿಸುವ ಮೊದಲು ಸಿಪಾಯಿಗಳು ಯೇಸು ಸ್ವಾಮಿಯ ಮುಖಕ್ಕೆ ಉಗುಳಿದ್ದು. ಇವತ್ತು ನಮ್ಮ ಇಗರ್ಜಿಯಲ್ಲೇ ಒಬ್ಬರು ಭಟ್ರು ಉಗುಳುವುದನ್ನು ನಾನು ನೋಡಬೇಕಾ?"

ಫಾದರ್ ಎಷ್ಟು ಸಮಾಧಾನ ಹೇಳಿದರೂ ಕೇಳುವವರಿರಲಿಲ್ಲ. ನಾನು ವಿಜ್ಞಾನ ಹೇಳಲು ಹೋದೆ, ಬಾಯಿ ಒಣಗಿತು. ಮುಂದೆ ನಿಂತ ಸಿಟ್ಟಿನ ಮುಖಗಳಲ್ಲಿ ನನಗೆ ನಮ್ಮ ಅಜ್ಜಿಯೇ ಕಾಣುತ್ತಿದ್ದರು. ಅವರ ನೋವು ನನಗೆ ಗೊತ್ತಿತ್ತು, ಅದೇ ನೋವಿನಿಂದ ತಾನೇ ನಾನು ಕೃಷ್ಣನ ನವಿಲುಗರಿ ಕಳೆದದ್ದು. ಅದನ್ನೇ ಹೇಳಿದೆ. ನಮ್ಮಲ್ಲಿ ಎಂಜಲು ಎಂದರೆ ಏನು, ಅದಕ್ಕೆ ಹೆದರಿ ನಾನು ಏನು ಹಾಳು ಮಾಡಿದೆ, ಎಲ್ಲ ಹೇಳಿದೆ. ಸದ್ದು ಸ್ವಲ್ಪ ಇಳಿಯಿತು, ಒಪ್ಪಿಗೆ ಬರಲಿಲ್ಲ. ಕೆಲಸ ನಿಲ್ಲಿಸಿ ಎಂದರು ಲೋರೆನ್ಸಣ್ಣ.

ಆಗ ಕೊನೆಯ ಬೆಂಚಿನಿಂದ ಒಂದು ಸ್ವರ ಬಂತು. ಕಾರ್ಮಿನ್ ಬಾಯಿ ತಿಂಗಳುಗಟ್ಟಲೆ ಅಲ್ಲೇ, ಬಾಗಿಲ ಹತ್ತಿರವೇ ಕುಳಿತು ಪೂಜೆ ಕೇಳಿ ಹೋಗುತ್ತಿದ್ದರು.

"ಲೋರೆನ್ಸಾ, ಹುಟ್ಟು ಕುರುಡನಿಗೆ ಕಣ್ಣು ಕೊಡುವಾಗ ಸ್ವಾಮಿ ಎಂತ ಹಚ್ಚಿದ್ದು?"

ಲೋರೆನ್ಸಣ್ಣ ಹಿಂದಕ್ಕೆ ತಿರುಗಿ ನೋಡಿದರು.

"ಉಗುಳಿ ಮಣ್ಣು ಕಲಸಿ ಹಚ್ಚಿದ್ದಲ್ವಾ? ಸಿಪಾಯಿಗಳದ್ದೂ ಉಗುಳು, ಅದೂ ಉಗುಳು. ಇವರು ಯಾವುದಕ್ಕೆ ಮಾಡುವುದು ಅಂತ ನೋಡು. ನನಗಂತೂ ಸ್ವಾಮಿಯ ಮುಖ ಒಮ್ಮೆ ನೋಡಬೇಕು."

ನಾನು ಯಾರನ್ನು ಎಲ್ಲರೆದುರು ತಲೆ ತಗ್ಗಿಸುವಂತೆ ಮಾಡಿದ್ದೆನೋ ಅವರೇ ಎಲ್ಲರೆದುರು ನನ್ನ ತಲೆ ಕಾಯ್ದರು. ಕಣ್ಣು ತುಂಬಿ ಬಂತು, ಮುಚ್ಚಿಡಲಿಲ್ಲ. ಲೋರೆನ್ಸಣ್ಣ, ಪಾದ್ರಿಗಳಿಗೆ ಒಪ್ಪಿಗೆಯಾದರೆ ನನ್ನದೇನೂ ಇಲ್ಲ ಎಂದು ಹೊರಟರು. ಮರುದಿನ ಅವರೇ ನನಗೆ ಎಳನೀರು ಕಳಿಸಿದರು, ಬಾಯಿ ಒಣಗಬಾರದೆಂದು.

ಏಪ್ರಿಲ್, ಮೇ ಎರಡು ತಿಂಗಳೂ ನನಗೆ ಹಬ್ಬ. ಒಂದು ದಿನ ಬಾಗಿದ ತಲೆ ಬಂತು, ಇನ್ನೊಂದು ದಿನ ಹಿಂದಿನ ಬಂಗಾರದ ಆಕಾಶ. ಗಾಯಗಳಿಂದ ಬೀಳುವ ರಕ್ತವನ್ನು ಪುಟ್ಟ ಬಟ್ಟಲುಗಳಲ್ಲಿ ಹಿಡಿಯುವ ದೇವದೂತರು ಬಂದರು. ತಾಯಿ ಮರಿಯಳ ನೀಲಿ ವಸ್ತ್ರ ಬಂದಾಗ ಫಾದರ್ ಗಂಟೆ ಬಾರಿಸುವುದನ್ನೇ ಮರೆತು ನಿಂತರು. ಕಾರ್ಮಿನ್ ಬಾಯಿ ದಿನಾ ಬರುತ್ತಿದ್ದರು. ಕೊನೆಯ ಬೆಂಚು ಬಿಟ್ಟು ನಡುವಿನ ಬೆಂಚಿಗೆ ಬಂದರು, ಅಲ್ಲಿಂದ ಮುಂದೆ ಬರಲಿಲ್ಲ. ಕರೆದರೆ ಇಲ್ಲಿಂದಲೇ ಕಾಣುತ್ತದೆ ಎನ್ನುತ್ತಿದ್ದರು. ಕಾಣುತ್ತಿರಲಿಲ್ಲ, ಅವರ ಕನ್ನಡಕ ನನ್ನದಕ್ಕಿಂತ ದಪ್ಪ.

ಶಿಲುಬೆಯ ಬುಡವನ್ನು ಕೊನೆಗೆ ಉಳಿಸಿಕೊಂಡಿದ್ದೆ. ಪಾದದ ಗಾಯಕ್ಕೆ ಹಚ್ಚಿದ ಎಣ್ಣೆ ತಲೆಮಾರುಗಳಿಂದ ಇಳಿದು ಅಲ್ಲಿ ಬೆರಳು ದಪ್ಪದ ಕಪ್ಪು ಕೂತಿತ್ತು. ಮೇ ಕೊನೆಯ ವಾರ, ಕಡಲ ಕಡೆಯಿಂದ ಮೋಡ ಏಳುವುದಕ್ಕೆ ಸುರುವಾಗಿತ್ತು. ಮೊದಲು ಒಂದು ಕೆಂಪು ಸೀರೆಯಂಥ ವಸ್ತ್ರದ ಮಡಿಕೆ ಬಂತು. ಆಮೇಲೆ ಮೊಣಕಾಲೂರಿ ಕುಳಿತ ಒಬ್ಬ ಹೆಂಗಸು, ಬಿಚ್ಚಿದ ಕೂದಲು, ಮೇಲಕ್ಕೆತ್ತಿದ ಮುಖ. ಅವಳ ಕೈಯನ್ನು ತೊಳೆಯುವಾಗ ನನ್ನ ಹತ್ತಿ ನಿಂತುಬಿಟ್ಟಿತು. ಬಲಿಪೀಠದ ಮೆಟ್ಟಿಲು ಇಳಿದು ಹೋಗಿ, ನೀವು ಈಗ ಬರಲೇಬೇಕು ಎಂದು ಕಾರ್ಮಿನ್ ಬಾಯಿಯನ್ನು ಕರೆದೆ. ಜೆಸಿಂತಾಳ ಹೆಗಲು ಹಿಡಿದು ಬಂದರು.

ಆ ಹೆಂಗಸಿನ ಕೈಯಲ್ಲಿ ಒಂದು ಸಣ್ಣ ಭರಣಿ ಇತ್ತು. ಆ ಕಾಲದ ಚಿತ್ರಗಾರರು ಯೇಸುವಿನ ಶಿಷ್ಯೆ ಮಗ್ದಲದ ಮರಿಯಳನ್ನು ಹಾಗೇ ಬರೆಯುವುದು, ಯೇಸುವಿಗೆ ಹಚ್ಚುವ ಸುಗಂಧದ ಎಣ್ಣೆಯ ಭರಣಿಯೊಂದಿಗೆ. ನನಗೆ ಇದು ಪುಸ್ತಕದಲ್ಲಿ ಓದಿ ಗೊತ್ತು. ಕಾರ್ಮಿನ್ ಬಾಯಿಗೆ ಹೇಳಬೇಕಾಗಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಬಹಳ ಹೊತ್ತು ನೋಡಿದರು. ಮುಟ್ಟಲು ಎತ್ತಿದ ಕೈಯನ್ನು ತಾವೇ ತಡೆದರು.

"ಇವಳಿಗೂ ಬೈದಿದ್ದರು ಭಟ್ರೇ," ಎಂದರು. "ಸ್ವಾಮಿಯ ಪಾದಕ್ಕೆ ಸುರಿದು ಎಣ್ಣೆ ಸುಮ್ಮನೆ ಹಾಳು ಮಾಡಿದಳು ಅಂತ. ಸ್ವಾಮಿ ಬೈಯಲು ಬಿಡಲಿಲ್ಲ."

ಅವರು ನಗುತ್ತಿದ್ದರು, ಕೆನ್ನೆ ಒದ್ದೆಯಾಗಿತ್ತು. ಆಮೇಲೆ ಸೊಸೆಯ ಕಡೆ ತಿರುಗಿ ಕೊಂಕಣಿಯಲ್ಲಿ ಏನೋ ಹೇಳಿದರು. ಜೆಸಿಂತಾ ಮನೆಗೆ ಓಡಿದಳು.

ಚಿತ್ರ ಮ್ಯೂಸಿಯಮ್ಮಿಗೆ ಹೋಗಲಿಲ್ಲ. ನನ್ನ ಮೂರನೆಯ ವರದಿಯಲ್ಲಿ ಪಾಲಕರು ಎಂಬಲ್ಲಿ ಎರಡು ಹೆಸರುಗಳಿವೆ, ಅತ್ತೆಯದ್ದು ಮತ್ತು ಸೊಸೆಯದ್ದು. ಮುಂಬದಿಗೆ ಇನ್ನು ಎಣ್ಣೆ ಇಲ್ಲ, ಶುಭ ಶುಕ್ರವಾರ ಆ ಎಣ್ಣೆಯನ್ನು ಬಲಿಪೀಠದ ದೀಪಕ್ಕೆ ಹಾಕುವುದೆಂದು ಕಾರ್ಮಿನ್ ಬಾಯಿಯೇ ತೀರ್ಮಾನಿಸಿದರು. ದೀಪವನ್ನು ಚಿತ್ರದಿಂದ ಹತ್ತಡಿ ದೂರ ಇಡಿಸಿದ್ದು ಮಾತ್ರ ನಾನು. ಬೆನ್ನಿಗೆ ಗೇರೆಣ್ಣೆ ಮೊದಲಿನ ಹಾಗೇ. ಈಗ ನಿವೃತ್ತನಾದ ಮೇಲೂ ಪ್ರತಿ ವರ್ಷ ಈಸ್ಟರ್ ಕಳೆದ ಮೇಲೆ ನಾನು ಹೋಗುತ್ತೇನೆ.

ಆ ದಿನ ಜೆಸಿಂತಾ ಓಡಿಹೋಗಿ ತಂದದ್ದು ಗೇರೆಣ್ಣೆಯ ಡಬ್ಬಿ. ಈಸ್ಟರಿಗೆ ತಪ್ಪಿಹೋಗಿದ್ದ ಆ ವರ್ಷದ ಒಂದು ಕೈ ಎಣ್ಣೆಯನ್ನು ಮಳೆ ಬರುವ ಮೊದಲು ಬಳಿಯಬೇಕಿತ್ತು. ಹಲಗೆಯನ್ನು ಮೆತ್ತಗಿನ ಹಾಸಿಗೆಯ ಮೇಲೆ ಬೋರಲು ಮಲಗಿಸಿದೆವು. ಅವರಿಬ್ಬರಿಗೆಂದು ನಾನು ರಬ್ಬರಿನ ಕೈಗವಸು ತರಿಸಿಟ್ಟಿದ್ದೆ. ಜೆಸಿಂತಾ ಹಾಕಿಕೊಂಡಳು. ಕಾರ್ಮಿನ್ ಬಾಯಿ, ಇನ್ನು ಈ ಕೈಗೆ ಎಂತಕ್ಕೆ ಎಂದು ಬದಿಗಿಟ್ಟರು. ನಾನು ಅವರ ಪಕ್ಕ ನೆಲದಲ್ಲಿ ಕುಳಿತು, ಹೇಗೆ ಬಳಿಯುವುದು ತೋರಿಸಿ ಎಂದೆ. ಬಟ್ಟೆಯ ತುಂಡನ್ನು ಬೆರಳಿಗೆ ಸುತ್ತಿ ಮರದ ಗೆರೆ ಹೋದ ದಿಕ್ಕಿಗೇ ಎಳೆಯಬೇಕೆಂದು ತೋರಿಸಿಕೊಟ್ಟರು. ನಾನೂ ಕೈಗವಸು ಹಾಕಲಿಲ್ಲ. ಆ ಹುಡುಗಿ ಕೇಳಿದ ಬೆರಳಿನ ಕಲೆ ಅದರದ್ದು.